ಡೊಂಕು ಭುಜ

ಕತ್ತರಿ ಮಾಸ್ಟರ ಕಣ್ಣಿಗೆ ಜಗತ್ತಿನಲ್ಲಿ ನೆಟ್ಟಗಿರುವ ಮೈ ಒಂದೂ ಬಿದ್ದಿರಲಿಲ್ಲ. ಅವರು ಹೊಲಿದ ಅಂಗಿ ತೊಟ್ಟು ಕೈ ಮುಂದೆ ಚಾಚಿದರೆ ಎದೆಯ ಹತ್ತಿರ ಬಟ್ಟೆ ಮುದುಡುತ್ತಿತ್ತು, ಬೆನ್ನು ಬಿಗಿಯುತ್ತಿತ್ತು. ಯಾರಾದರೂ ದೂರಿದರೆ, ನಿಮ್ಮ ಭುಜವೇ ಡೊಂಕು, ಕತ್ತರಿ ಏನು ಮಾಡೀತು ಎಂದು ಬಾಯಿ ಮುಚ್ಚಿಸುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾನುಭಾವರು ಗಿರಾಕಿಯನ್ನೇ ಡೊಂಕು ಮಾಡಿ ಮನೆಗೆ ಕಳಿಸುತ್ತಿದ್ದರು.

ಮೊದಲು ಡೊಂಕಾದವಳು ಅವರ ಹೆಂಡತಿ. ಮದುವೆಯಾದ ಹೊಸದರಲ್ಲಿ, ಗಂಡ ಹೊಲಿದ ಕೋಟು ಬೆನ್ನಲ್ಲಿ ಹಿಡಿಯುತ್ತದೆ ಅಂದದ್ದೇ ತಪ್ಪಾಯಿತು, ಭುಜ ಡೊಂಕು ಎಂಬ ಮಾತು ಅಂಟಿಕೊಂಡಿತು. ಅಂದಿನಿಂದ ಆಕೆ ಸೆಕೆಯಲ್ಲೂ ಶಾಲು ಹೊದೆಯುತ್ತಾಳೆ, ಫೋಟೋ ಅಂದರೆ ಹಿಂದಿನ ಸಾಲಿಗೆ ಸರಿಯುತ್ತಾಳೆ. ಅಂಗಡಿಯ ಮೂಲೆಯಲ್ಲಿ ಗುಂಡಿ ಹಚ್ಚುವಾಗಲೂ ಶಾಲು ತೆಗೆಯುವುದಿಲ್ಲ.

ಈಗ ವಯಸ್ಸಾಗಿ ಮಾಸ್ಟರ ಕೈ ನಡುಗತೊಡಗಿತ್ತು. ಅಳಿಯನಿಗೆ ಕಲಿಸಬೇಕು, ಇಲ್ಲವೇ ಅಂಗಡಿಗೆ ಬೀಗ ಜಡಿಯಬೇಕು. ಅಳಿಯನೋ, ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು. ನೋಡಿ ಕಲಿಯುವ ಬುದ್ಧಿಯಿಲ್ಲ; ಯಾಕೆ ಅಂತ ಬಿಡಿಸಿ ಹೇಳಿದರೆ ಮಾತ್ರ ತಲೆಯಲ್ಲಿ ನಿಲ್ಲುವುದು. ಕೋಣನ ಮುಂದೆ ಕಿನ್ನರಿ ಬಾರಿಸುವ ಗತಿ ಬಂತಲ್ಲ ಎಂದು ಮಾಸ್ಟರು ಒಳಗೊಳಗೇ ಕುದಿಯುತ್ತಿದ್ದರು.

ತೋಳಿನ ಪಾಠದ ದಿನ ಅವರು ಬಟ್ಟೆ ಮಡಿಸಿ, ಕಂಕುಳಿನ ಮುಂಭಾಗಕ್ಕೂ ಹಿಂಭಾಗಕ್ಕೂ ಒಂದೇ ಕಮಾನು ಗೀಚಿದರು.

"ಎರಡೂ ಒಂದೇ ಥರ ಯಾಕೆ, ಮಾವ?"

"ಕೈ ಎರಡೂ ಕಡೆ ಸಮ ಆಡುತ್ತೆ, ಅಳಿಯಂದ್ರೇ. ಅಷ್ಟೂ ಗೊತ್ತಾಗಲ್ವ?"

ಈ ದಡ್ಡನಿಗೆ ತೋರಿಸಿಯೇ ಬಿಡೋಣವೆಂದು ಕೈಯನ್ನು ಮುಂದೆ ಚಾಚಿದರು, ಸಲೀಸಾಗಿ ಹೋಯಿತು. ಹಿಂದಕ್ಕೆ ಚಾಚಿದರು, ಗೇಣುದ್ದ ಹೋಗಿ ನಿಂತುಬಿಟ್ಟಿತು. ಇನ್ನೊಮ್ಮೆ ಚಾಚಿದರು. ಅಳಿಯನೂ ತನ್ನ ಕೈ ಚಾಚಿ ನೋಡಿ, ಯಾಕೆ ಹೋಗುತ್ತಿಲ್ಲ ಎಂದು ಕೇಳಿದ. ಉತ್ತರ ಹೇಳುತ್ತ ಹೇಳುತ್ತಲೇ ಮಾಸ್ಟರಿಗೆ ಉತ್ತರ ಹೊಳೆಯಿತು. ಕೈಯ ಕೆಲಸವೆಲ್ಲ ಮುಂದೆಯೇ. ಹಾಗಾದರೆ ಕಂಕುಳನ್ನು ಮುಂದೆ ಒಳಕ್ಕೆ ಕೊರೆಯಬೇಕು, ಹಿಂದೆ ಬಟ್ಟೆ ಬಿಡಬೇಕು. ಅವರ ಮುಖ ಇಂಗು ತಿಂದ ಮಂಗನಂತಾಯಿತು.

ಆ ವಾರ ಅವರು ಹೆಂಡತಿಗೆ ಹೊಸ ಕೋಟು ಕತ್ತರಿಸಿದರು, ಅಳಿಯ ಹೊಲಿದ. ಆಕೆ ಶಾಲು ಕುರ್ಚಿಗೆ ಹಾಕಿ ಕೋಟು ತೊಟ್ಟಳು, ಎರಡೂ ಕೈ ಮುಂದೆ ಚಾಚಿದಳು. ಎಲ್ಲೂ ಹಿಡಿಯಲಿಲ್ಲ. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಕಲಿತದ್ದು ಕತ್ತರಿ, ನಾಲಿಗೆಯಲ್ಲ.

"ನಿನ್ನ ಭುಜ ಈಗ ಸ್ವಲ್ಪ ನೆಟ್ಟಗಾದಂಗಿದೆ," ಅಂದರು.

ಅಳಿಯ ಜನ್ಮದಲ್ಲಿ ಒಂದೇ ಒಂದು ಪಾಠವನ್ನು ಸರಿಯಾಗಿ ಕಲಿತಿದ್ದ. ಅದನ್ನು ಒಪ್ಪಿಸಿಯೇ ಬಿಟ್ಟ.

"ಇಲ್ಲ ಅತ್ತೆ, ಭುಜ ಮೊದ್ಲಿಂದ್ಲೂ ನೆಟ್ಟಗೇ ಇತ್ತು. ಮಾವ ಮುಂದೆ ಕೊರೀತಿರ್ಲಿಲ್ಲ, ಅಷ್ಟೇ."

ಆಕೆ ಕುರ್ಚಿಯಿಂದ ಶಾಲು ಎತ್ತಿ, ಗಂಡನ ಹೆಗಲಿಗೆ ಹಾಕಿದಳು.

"ಇಟ್ಕೊಳ್ಳಿ. ನಿಮಗೆ ಮುಖ ಮುಚ್ಕೊಳ್ಳೋಕೆ ಬೇಕಾಗುತ್ತೆ."