ಹಂಜಿಯ ಗೆಜ್ಜೆ

ನಮ್ಮ ಗಲ್ಲಿಯಲ್ಲಿ ಕಸ ನೆಲ ಮುಟ್ಟುವಂತಿಲ್ಲ. ಸಂಜೆ ಕಸದ ಲಾರಿ ಹಾಡುತ್ತ ಬರುತ್ತದೆ. ಅದು ಬರುವ ತನಕ ನಾವೆಲ್ಲ ಅವರವರ ಚೀಲ ಹಿಡಿದು, ಗಂಡಿನ ಕಡೆಯವರನ್ನು ಎದುರುಗೊಳ್ಳುವವರ ಹಾಗೆ, ಬೀದಿಬದಿಯಲ್ಲಿ ಸಾಲಾಗಿ ನಿಂತಿರುತ್ತೇವೆ. ತೈನಾನ್ ಊರಿನ ಈ ಮೂಲೆಯಲ್ಲಿ ಯಾವ ಸುದ್ದಿಯಾದರೂ ಪ್ರಕಟವಾಗುವುದು ಆಗಲೇ. ಚೀಲದಲ್ಲಿ ತಂದ ಕಸ ಲಾರಿಗೆ, ಹೊಟ್ಟೆಯಲ್ಲಿ ತಂದ ಕಸ ಪಕ್ಕದವರ ಕಿವಿಗೆ.

ನನ್ನ ಹೊಟ್ಟೆಪಾಡು ದನಿಯದು. ಸೊಳ್ಳೆಪರದೆ ರಿಪೇರಿಯವರ, ಬಿಸಿ ಬನ್ನಿನವರ ಗಾಡಿಗಳಲ್ಲಿ ಮೈಕು ಕೂಗುತ್ತದಲ್ಲ, ಆ ಕೂಗನ್ನು ರೆಕಾರ್ಡ್ ಮಾಡಿಕೊಡುವವನು ನಾನೇ. ಚೀಲ ಹಿಡಿದು ಕಾಯುವ ಹೊತ್ತಿನಲ್ಲಿ ಒಬ್ಬೊಬ್ಬರ ದನಿ ತೆಗೆದು ಜನರನ್ನು ನಗಿಸುತ್ತಿದ್ದೆ. ಎಲ್ಲರಿಗೂ ಇಷ್ಟವಾದದ್ದು ಡ್ರೈವಿಂಗ್ ಶಾಲೆಯ ವೆನ್‌ಫು ಮೇಷ್ಟ್ರ ದನಿ. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿತ್ತು. "ಕನ್ನಡಿ ನೋಡೀ! ನಿಮ್ಮ ಮೂತಿ ಅಲ್ಲ ತಾಯೀ, ಹಿಂದಿನ ಗಾಡಿ ನೋಡೀ!" ಎಂದು ನಾನು ಒದರಿದರೆ ಸ್ವತಃ ಮೇಷ್ಟ್ರೇ, "ಲೋ ಅಹುಯಿ, ನನ್ನ ಹೆಂಡ್ತಿ ಮುಂದೆ ಮಾತ್ರ ಹೀಗೆ ಕೂಗ್ಬೇಡ, ಗಂಡ ಬಂದ ಅಂತ ಅನ್ನ ಬಡಿಸಿಬಿಡ್ತಾಳೆ" ಎಂದು ನಗುತ್ತಿದ್ದರು.

ಒಂದು ಸದ್ದನ್ನು ಮಾತ್ರ ನಾನು ಅನುಕರಿಸುವಂತಿರಲಿಲ್ಲ. ಎದುರುಮನೆಯ ಜಿನ್‌ಲ್ವಾನ್ ಅಜ್ಜಿಯ ಅಪ್ಪಣೆ. ಅದು ಅವರ ನಾಯಿಯ ಕೊರಳ ಗೆಜ್ಜೆಯ ಸದ್ದು.

ನಾಯಿಯ ಹೆಸರು ಹಂಜಿ, ಅಂದರೆ ಇಲ್ಲಿನ ಮಾತಿನಲ್ಲಿ ಗೆಣಸು. ಬಣ್ಣವೂ ಗೆಣಸಿನದೇ, ಆಕಾರವೂ ಹೆಚ್ಚುಕಡಿಮೆ ಅದೇ. ಹಿಂದಿನ ಎಡಗಾಲು ಕುಂಟು. ಅದಕ್ಕೇ ಅದರ ಗೆಜ್ಜೆ ಎಲ್ಲ ನಾಯಿಗಳ ಗೆಜ್ಜೆಯ ಹಾಗಲ್ಲ. ಘಲ್ ಘಲ್... ಸ್ವಲ್ಪ ತಡೆದು, ಘಲ್. ಸಂಜೆ ಗಲ್ಲಿಯ ಬಾಯಿಯಲ್ಲಿ ಆ ಸದ್ದು ಕೇಳಿಸಿದರೆ ಅಜ್ಜಿ ಬಾಗಿಲು ತೆರೆದು, "ಬಂದ್ಯಾ ಬೀದಿಬಸವಿ, ಊರೆಲ್ಲ ಸುತ್ತಿ ಆಯ್ತಾ?" ಎನ್ನುತ್ತಿದ್ದರು. ಗಂಡನಿಲ್ಲ, ಮಕ್ಕಳಾಗಲಿಲ್ಲ. ಅವರ ಮನೆಯಲ್ಲಿ ಬೈಗುಳ ತಿನ್ನುವುದಕ್ಕಿದ್ದ ಏಕೈಕ ಜೀವ ಅದು.

ಒಂದು ಮಧ್ಯಾಹ್ನ ಅಜ್ಜಿ ಮಾರ್ಕೆಟ್ಟಿಗೆ ಹೋಗಿದ್ದಾಗ ಯಾವುದೋ ಗಾಡಿ ಹಂಜಿಗೆ ಗುದ್ದಿ ಹೋಯಿತು. ಗಲ್ಲಿಯೆಲ್ಲ ಬಾಗಿಲು ಮುಚ್ಚಿ ಮಲಗುವ ಹೊತ್ತು. ನೋಡಿದವರಿಲ್ಲ. ಗಲ್ಲಿಯ ಬಾಯಿಯ ಕ್ಯಾಮೆರಾ ಚಂಡಮಾರುತದಲ್ಲಿ ಕತ್ತು ತಿರುಗಿಸಿಕೊಂಡಿದ್ದು ಇನ್ನೂ ಆಕಾಶವನ್ನೇ ನೋಡುತ್ತಿತ್ತು. ಆ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಪುಣ್ಯಾತ್ಮರು ನಗರಸಭೆಗೆ ಫೋನ್ ಮಾಡಿ ರಸ್ತೆಯಲ್ಲಿ ಸತ್ತ ಪ್ರಾಣಿ ಬಿದ್ದಿದೆ ಎಂದರು. ಶುಚಿ ಮಾಡುವವರು ಬಂದು ಎತ್ತಿಕೊಂಡು ಹೋದರು. ಅಜ್ಜಿ ಬರುವಷ್ಟರಲ್ಲಿ ರಸ್ತೆಗೆ ನೀರು ಹಾಕಿಯೂ ಆಗಿತ್ತು. ಅವರು ನಗರಸಭೆಗೆ ಓಡಾಡಿ ವಾಪಸು ತಂದದ್ದು ಒಂದು ಕೊರಳಪಟ್ಟಿ. ಅದಕ್ಕೆ ಕೆಂಪು ದಾರದಲ್ಲಿ ಕಟ್ಟಿದ್ದ ಗೆಜ್ಜೆ ಇರಲಿಲ್ಲ.

ನಾನು ಅಜ್ಜಿಯನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಹುಡುಗು ಮುಖದ ಪೇದೆ ಒಳ್ಳೆಯವನು. ಒಳ್ಳೆಯವನಾದದ್ದರಿಂದಲೇ ನಿಜ ಹೇಳಿದ.

"ಅಜ್ಜೀ, ಕೋಪ ಮಾಡ್ಕೋಬೇಡಿ. ಇಂಥ ಕೇಸಲ್ಲಿ ನಾಯಿ ಅಂದ್ರೆ ಒಂದು ವಸ್ತು. ಮೇಜು, ಕುರ್ಚಿ, ಹೂಕುಂಡ ಇದ್ದ ಹಾಗೆ."

"ಹೂಕುಂಡ ಬಾಗಿಲಿಗೆ ಬಂದು ಕಾಯತ್ತೇನೋ ಮಗಾ?"

"ಕಾಯಲ್ಲ ಅಜ್ಜಿ. ಬೇಕೂಂತ್ಲೇ ಗುದ್ದಿದ್ರೆ ಅದು ಅಪರಾಧ. ಗೊತ್ತಾಗದೆ ಗುದ್ದಿದ್ರೆ ನಷ್ಟದ ಲೆಕ್ಕ ಅಷ್ಟೆ, ರಾಜಿ ಮಂಡಳಿಗೆ ಹೋಗ್ಬೇಕು. ಆದ್ರೆ ಗುದ್ದಿ, ನಿಲ್ಲಿಸ್ದೆ, ನಮಗೂ ಹೇಳ್ದೆ ಓಡಿಹೋಗೋದು ತಪ್ಪೇ. ಅದಕ್ಕೆ ಲೈಸೆನ್ಸ್ ಅಮಾನತ್ತಾಗತ್ತೆ. ಅದಿರ್ಲಿ, ಗಾಡಿ ಯಾವ್ದು?"

"ಗೊತ್ತಿಲ್ಲ."

"ನಾಯಿಗೆ ಹಗ್ಗ ಇತ್ತಾ?"

ಅಜ್ಜಿ ಕೊರಳಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇರ್ಲಿಲ್ಲ. ಅದೂ ಬರ್ಕೋ. ನಂದೇನು ತಪ್ಪಿದ್ಯೋ ಅದನ್ನ ನಾನು ಹೊರ್ತೀನಿ. ನಂಗೆ ಅವ್ನ ದುಡ್ಡು ಬೇಡ. ನಗರಸಭೆಯವ್ರ ಪುಸ್ತಕದಲ್ಲಿ ಹಂಜಿ ಕಸ ಅಂತಿದೆ. ಗುದ್ದಿದವ್ನು ನನ್ನ ಮುಂದೆ ನಿಂತು 'ನಾನು ಗುದ್ದಿದೆ' ಅನ್ಬೇಕು. ನೀನು ಗಾಡಿ ಬಡಿದು ಸತ್ತಿತು ಅಂತ ಬರೀಬೇಕು. ಗುಡಿಸಿ ಹಾಕಿದ್ದಲ್ಲ ಅಂತ. ಅಷ್ಟೆ."

"ಗಾಡಿ ಸಿಗದೆ ಹೇಗೆ ಬರೀಲಿ ಅಜ್ಜಿ?" ಎಂದ ಪೇದೆ. ಅವನ ಪೆನ್ನು ಎತ್ತಿದ್ದು ಎತ್ತಿದ ಹಾಗೇ ಇತ್ತು.

ಅಂದಿನಿಂದ ಅಜ್ಜಿ ಕಸ ಹಾಕಲು ಬರುವುದನ್ನು ಬಿಟ್ಟರು. ಲಾರಿಯ ಹಾಡು ಶುರುವಾದರೆ ಕಿಟಕಿ ಮುಚ್ಚುತ್ತಿದ್ದರು. "ಅದ್ರ ಹೊಟ್ಟೆಗೆ ನಾನು ಕೊಡ್ಬೇಕಾದ್ದು ಕೊಟ್ಟಾಯ್ತು" ಎನ್ನುತ್ತಿದ್ದರು. ಅಂಗಳದಲ್ಲಿ ಚೀಲಗಳು ಒಂದರ ಮೇಲೊಂದು ಕೂತವು.

ಅದಾದ ಮೇಲೆ ಗೆಜ್ಜೆ ಕೇಳಿಸತೊಡಗಿತು.

ಮೊದಲು ಕೇಳಿಸಿಕೊಂಡದ್ದು ಅಜ್ಜಿ. ನಾನು ನಂಬಲಿಲ್ಲ. ಸದ್ದಿನಲ್ಲೇ ಬದುಕುವವನಿಗೆ ಬೇರೆಯವರ ಕಿವಿಯ ಮೇಲೆ ನಂಬಿಕೆ ಕಡಿಮೆ. ಆಮೇಲೊಂದು ಸಂಜೆ ಚೀಲ ಹಿಡಿದು ನಿಂತಿದ್ದಾಗ, ಗಲ್ಲಿಯ ಬಾಯಿಯ ಕಡೆಯಿಂದ, ದೂರದ ಲಾರಿ ಹಾಡಿನ ನಡುವೆ ಬಂತು. ಘಲ್ ಘಲ್... ಘಲ್. ಆ ಕುಂಟು. ಆ ತಡೆ. ಯಾರೋ ಹೆಂಗಸು ಮಗುವಿನ ಕಿವಿ ಮುಚ್ಚಿದಳು. ಬೀದಿಯಲ್ಲಿ ಬಂದದ್ದು ಮನೆಗೆ ಮರಳುವ ಎರಡು ಸ್ಕೂಟರು, ವೆನ್‌ಫು ಮೇಷ್ಟ್ರ ಕಾರು, ಹಣ್ಣಿನ ಗಾಡಿ, ಅಷ್ಟೆ. ಎದುರಲ್ಲಿ ಅಜ್ಜಿ ಬಾಗಿಲು ತೆರೆದು ನಿಂತು, ಯಾರೂ ಇಲ್ಲದ ಹೊಸಿಲಿಗೆ ಹೇಳಿದರು: "ಬಂದ್ಯಾ?"

ಆಮೇಲೆ ಬಹುಮಟ್ಟಿಗೆ ದಿನಾ ಬಂತು. ಗಲ್ಲಿಯಲ್ಲಿ ನಗು ನಿಂತಿತು. ನನ್ನ ಮಿಮಿಕ್ರಿಗೆ ಗಿರಾಕಿ ಇಲ್ಲದಾಯಿತು. ಎಲ್ಲರ ಮುಖ ಬಿಳಿಚಿಕೊಂಡಿತು, ಎಲ್ಲರಿಗಿಂತ ಹೆಚ್ಚು ವೆನ್‌ಫು ಮೇಷ್ಟ್ರದು. ಕಾರಿನ ಕನ್ನಡಿಗೆ ಗುಡಿಯ ತಾಯಿತ ಕಟ್ಟಿದರು, ದೆವ್ವ ತೊಲಗಲೆಂದು ಚಕ್ರಗಳಿಗೆ ಉಪ್ಪು ಅಕ್ಕಿ ಎರಚಿದರು. "ಸೆಕೆ ಕಣೋ, ನಿದ್ದೆ ಬರ್ತಿಲ್ಲ" ಎನ್ನುತ್ತಿದ್ದರು. ಅಜ್ಜಿಯೊಬ್ಬರೇ ದಿನೇ ದಿನೇ ಚೇತರಿಸಿಕೊಂಡರು. ಹೊಸಿಲಲ್ಲಿ ಬಟ್ಟಲಿಟ್ಟು ಗಂಜಿ ಹಾಕತೊಡಗಿದರು.

ಹುಣ್ಣಿಮೆಯ ಬೆಳಗ್ಗೆ ಇಡೀ ಊರು ನೆಲ ಕಾಯುವ ದೇವರು ಭೂಮಿತಾತನ ಗುಡಿಗೆ ಹೋಗುವುದು ರೂಢಿ. ನಮ್ಮ ಗಲ್ಲಿಯದು ಆಲದ ಮರದಡಿಯ ಪುಟ್ಟ ಗುಡಿ; ತಾತನ ಗಡ್ಡಕ್ಕೆ ಮರದ ಗಡ್ಡ ತಾಗುತ್ತದೆ. ನನ್ನ ಜೊತೆ ಬಂದ ಅಜ್ಜಿ ಕಿತ್ತಳೆ ಹಣ್ಣಿನ ತಟ್ಟೆ ಹಿಡಿದಿದ್ದರು. ಹಂಜಿಗೆ ಗುದ್ದಿದವರು ಯಾರು ಎಂದು ತಾತನನ್ನೇ ಕೇಳುವುದು ಅವರ ಯೋಚನೆ. ಗುಡಿಯ ಪಕ್ಕ ಮೇಷ್ಟ್ರ ಕಾರು ನಿಂತಿತ್ತು. ಒಳಗೆ ಮೇಷ್ಟ್ರು ನಮಗೆ ಬೆನ್ನು ಹಾಕಿ ಮಂಡಿಯೂರಿದ್ದರು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ; ನಾವಿಬ್ಬರು ಹೊರಗೆ ಹರಕೆಯ ಕಾಗದ ಸುಡುವ ಒಲೆಯ ಹತ್ತಿರ ಸರದಿಗೆ ನಿಂತೆವು.

ಪ್ರಾರ್ಥನೆಗೆ ಒಂದು ಕ್ರಮವಿದೆ. ಮೊದಲು ನಿಮ್ಮ ಹೆಸರು, ಆಮೇಲೆ ಹುಟ್ಟಿದ ವರ್ಷ, ಆಮೇಲೆ ಮನೆಯ ವಿಳಾಸ, ಕೊನೆಗೆ ಬಂದ ಕಾರಣ. ಇಲ್ಲದಿದ್ದರೆ ದೇವರಿಗೆ ಯಾರ ಕಷ್ಟ ಯಾರದೆಂದು ಗೊತ್ತಾಗದೆ ವರ ಬೇರೆಯವರ ಮನೆಗೆ ಹೋದೀತು. ಎಲ್ಲರೂ ಇದನ್ನು ಬಾಯೊಳಗೇ ಹೇಳಿಕೊಳ್ಳುತ್ತಾರೆ. ಮೇಷ್ಟ್ರೂ ಹಾಗೇ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದರು. ಅವರ ಪಿಸುಮಾತು ಆಲದ ಎಲೆಗಳನ್ನು ಅಲುಗಿಸುವಂತಿತ್ತು.

"ನಾನು ಚ್ಯೂ ವೆನ್‌ಫು. ಡ್ರಾಗನ್ ವರ್ಷದವ್ನು. ಇದೇ ಗಲ್ಲಿ, ಕೊನೇಲಿ ಹಸಿರು ಗೇಟು. ಗಾಡಿ ಇಲ್ಲೇ ಹೊರಗಿದೆ ತಾತಾ, ಬಿಳೀದು, ನಂಬರ್ ನೋಡ್ಕೋ. ಜಿನ್‌ಲ್ವಾನ್ ಅಜ್ಜಿ ನಾಯಿಗೆ ಗುದ್ದಿದ್ದು ನಾನೇ. ಕನ್ನಡೀಲಿ ನೋಡಿದೆ. ಬಿದ್ದಿತ್ತು, ಬಾಲ ಆಡ್ತಿತ್ತು. ಆದ್ರೂ ನಿಲ್ಲಿಸ್ಲಿಲ್ಲ. ಲೈಸೆನ್ಸ್ ಹೋದ್ರೆ ಡ್ರೈವಿಂಗ್ ಮೇಷ್ಟ್ರು ಏನು ಕಲಿಸ್ಬೇಕು, ಹಾಡಾ? ಈಗ ಎಲ್ಲಿ ಹೋದ್ರೂ ಅದು ನನ್ನ ಮುಂದೆ ಓಡ್ತಾ ಇದೆ. ಗೆಜ್ಜೆ ಕೇಳ್ತಿದೆ. ಕ್ಷಮಿಸಿದ್ದೀಯಾ, ಹೇಳು."

ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಎತ್ತಿ ನೆಲಕ್ಕೆ ಹಾಕಿದರು. ಒಂದು ಬೋರಲು ಒಂದು ಅಂಗಾತ ಬಿದ್ದರೆ ತಾತ ಹೂಂ ಎಂದ ಹಾಗೆ. ಎರಡೂ ಅಂಗಾತ ಬಿದ್ದವು. ತಾತ ನಕ್ಕ ಹಾಗೆ. ಮತ್ತೆ ಹಾಕಿದರು. ಮತ್ತೆ ನಗು. ಮತ್ತೊಮ್ಮೆ ಹಾಕಿದರು. ಎರಡೂ ಬೋರಲು. ಇಲ್ಲ.

ಅಜ್ಜಿಯ ತಟ್ಟೆಯಿಂದ ಒಂದು ಕಿತ್ತಳೆ ಉರುಳಿಹೋಯಿತು. ಅವರು ಒಳಗೆ ನುಗ್ಗುತ್ತಾರೆ ಎಂದುಕೊಂಡೆ. ಇಲ್ಲ, ಮೆಲ್ಲಗೆ ಸುತ್ತು ಹಾಕಿ ಕಾರಿನ ಮುಂದೆ ಹೋಗಿ ನಿಂತು, ಬಾನೆಟ್ಟಿನ ಮೇಲೆ ಅಂಗೈ ಊರಿ ಒತ್ತಿದರು.

ಘಲ್.

ನಾನು ಬಗ್ಗಿ ನೋಡಿದೆ. ಬಂಪರಿನ ಸೀಳಿನೊಳಗೆ ಕೆಂಪು ದಾರದ ತುಂಡು, ಅದರ ತುದಿಗೆ ಹಿತ್ತಾಳೆಯ ಗೆಜ್ಜೆ. ಗಲ್ಲಿಯ ಬಾಯಿಯಲ್ಲಿ ಚರಂಡಿಗೆ ಹಾಸಿದ ಕಬ್ಬಿಣದ ಜಾಲರಿ ಇದೆ. ಜಾಲರಿ ಅಲ್ಲಾಡುತ್ತದೆ, ಮುಂದಿನ ಚಕ್ರ ಅದರ ಮೇಲೆ ಹತ್ತುವಾಗ, ಇಳಿಯುವಾಗ ಘಲ್ ಘಲ್. ಹಿಂದಿನ ಚಕ್ರ ಬಂದಾಗ ಘಲ್. ದಿನಾ ಕೇಳಿಸಿದ ಹಂಜಿಯ ಕುಂಟು ಇಷ್ಟೇ ಆಗಿತ್ತು.

ಕೈ ಹಾಕಹೋದೆ. ಅಜ್ಜಿ ಪಟ್ಟನೆ ಹೊಡೆದರು. "ಮುಟ್ಬೇಡ!"

"ಫೋಟೋನಾದ್ರೂ ತೆಗೀತೀನಿ ಅಜ್ಜಿ. ಇನ್ನೇನು ಬೇಕು ಸಾಕ್ಷಿ? ಪೇದೆ ಹತ್ರ ಈಗ್ಲೇ ಹೋಗೋಣ."

"ಹೋದ್ರೆ?"

"ಬರ್ಕೋತಾನೆ. ನೀವು ಕೇಳಿದ್ದು ಅದೇ ತಾನೆ?"

"ಗೆಜ್ಜೆ ಏನು ಮಾಡ್ತಾನೆ?"

"ಕಿತ್ತು ಇಟ್ಕೋತಾನೆ. ಸಾಕ್ಷಿ ಅಲ್ವಾ."

ಅಜ್ಜಿ ಮತ್ತೊಮ್ಮೆ ಬಾನೆಟ್ಟು ಒತ್ತಿದರು, ನಾಯಿಯ ತಲೆ ಒತ್ತಿದ ಹಾಗೆ. ಘಲ್. "ಹಾಗಾದ್ರೆ ಸಂಜೆ ಯಾರು ಬರ್ತಾರೋ ಅಹುಯಿ?" ಎಂದರು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಅಜ್ಜಿ ಯಾರಿಗೂ ಹೇಳಲಿಲ್ಲ, ನನ್ನ ಬಾಯಿಗೂ ಬೀಗ ಹಾಕಿದರು. ಸಂಜೆ ಬಾಗಿಲು ತೆರೆದು ನಿಲ್ಲುವುದು ಮುಂದುವರಿಯಿತು. ಈಗ ಅವರಿಗೆ ಗೊತ್ತು, ಬರುತ್ತಿರುವುದು ಯಾರೆಂದು. ಆದರೂ "ಬಂದ್ಯಾ" ಎನ್ನುತ್ತಿದ್ದರು. ಕೊಂದ ಗಾಡಿಯನ್ನೇ ಹೀಗೆ ಬರಮಾಡಿಕೊಳ್ಳುವುದನ್ನು ನೋಡಿ ನನಗೆ ದೆವ್ವಕ್ಕಿಂತ ಹೆಚ್ಚು ಭಯವಾಯಿತು.

ಎಷ್ಟು ದಿನ ಹಾಗೇ ನಡೆಯುತ್ತಿತ್ತೋ. ಒಂದು ಸಂಜೆ ಮೇಷ್ಟ್ರು ಕಾರು ನಿಲ್ಲಿಸಿ ಬಂದು ಅಜ್ಜಿಯ ಅಂಗಳದ ಚೀಲಗಳ ಮುಂದೆ ನಿಂತರು. ನಾವೆಲ್ಲ ಬೀದಿಯಲ್ಲಿ ಸಾಲಾಗಿದ್ದೆವು. ಲಾರಿ ತಿರುವಿನಲ್ಲಿ ಹಾಡುತ್ತಿತ್ತು.

"ಎಷ್ಟು ದಿನ ಅಂತ ಮನೇಲಿ ಇಟ್ಕೋತೀರಿ ಅಜ್ಜಿ, ಹುಳ ಆಗತ್ತೆ. ಕೊಡಿ, ನಾನು ಹಾಕಿ ಬರ್ತೀನಿ" ಎಂದು ಎರಡು ಕೈಗೂ ಒಂದೊಂದು ಚೀಲ ಎತ್ತಿಕೊಂಡು ಬೀದಿಗಿಳಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಅಜ್ಜಿಯ ಮುಖ ಬದಲಾಯಿತು. "ಇಳಿಸು ಕೆಳಗೆ. ನನ್ನ ಮನೇದನ್ನ ನೀನು ಒಂದ್ಸಲ ಕಸಕ್ಕೆ ಹಾಕಿದ್ದು ಸಾಕು."

ಮೇಷ್ಟ್ರ ಕೈಯಿಂದ ಚೀಲಗಳು ಜಾರಿ ಬೀದಿಗೆ ಬಿದ್ದವು. ನಮ್ಮ ಗಲ್ಲಿಯಲ್ಲಿ ಮೊಟ್ಟಮೊದಲ ಸಲ ಕಸ ನೆಲ ಮುಟ್ಟಿತು. ಲಾರಿ ಬಂತು, ಹಾಡಿತು. ಯಾರೂ ಚೀಲ ಎಸೆಯಲಿಲ್ಲ. ಹಾಡು ಮುಂದಿನ ಗಲ್ಲಿಗೆ ಹೋಯಿತು.

"ಹೇಳು" ಎಂದರು ಅಜ್ಜಿ. "ಭೂಮಿತಾತಂಗೆ ಹೇಳಿದ ಹಾಗೇ. ಹೆಸರು, ಹುಟ್ಟಿದ ವರ್ಷ, ಮನೆ, ಗಾಡಿ, ಕಾರಣ. ಠಾಣೇಲೂ ಅದೇ ಕ್ರಮದಲ್ಲಿ ಕೇಳ್ತಾರೆ, ನಿಂಗೆ ಕಷ್ಟ ಆಗಲ್ಲ."

ಮೇಷ್ಟ್ರು ಹೇಳಿದರು. ನನಗೆ ಗೊತ್ತಿದ್ದ ಅವರ ಅಷ್ಟೂ ದನಿಗಳಲ್ಲಿ ಆ ದನಿ ಇರಲಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕತ್ತಲಾಗುವ ಮುಂಚೆಯೇ ಠಾಣೆಯ ಮುಂದೆ ಕಾರು ನಿಂತಿತ್ತು. ಅದೇ ಪೇದೆ ಚಿಮಟದಿಂದ ಗೆಜ್ಜೆ ಎಳೆದು ಪ್ಲಾಸ್ಟಿಕ್ ಕವರಿಗೆ ಹಾಕಿದ. ಅದು ಕೊನೆಯದಾಗಿ ಒಂದು ಸಲ ಸದ್ದು ಮಾಡಿತು. ಅಜ್ಜಿ ಕಣ್ಣು ಮುಚ್ಚಿದರು. ಆಮೇಲೆ ಅವನು ಬರೆದ. ಗಾಡಿ ಬಡಿದು ಸತ್ತದ್ದು, ಚಾಲಕ ನಿಲ್ಲಿಸದೆ ಹೋದದ್ದು, ನಾಯಿಗೆ ಹಗ್ಗ ಇಲ್ಲದ್ದು, ಎಲ್ಲವನ್ನೂ. ವಸ್ತು ಎಂಬ ಕಡೆ ಸ್ವಲ್ಪ ತಡೆದು, "ಹೆಸರೇನಂದ್ರಿ ಅಜ್ಜಿ?" ಎಂದು ಕೇಳಿ, ಪಕ್ಕದಲ್ಲಿ ಅದನ್ನೂ ಸೇರಿಸಿದ.

ಮೇಷ್ಟ್ರ ಲೈಸೆನ್ಸ್ ಅಮಾನತ್ತಾಯಿತು. ಶಾಲೆಯವರು ಅವರನ್ನು ಆಫೀಸಿನಲ್ಲಿ ಕೂರಿಸಿದರು. ರಾಜಿ ಮಂಡಳಿಯಲ್ಲಿ ಅಜ್ಜಿ, "ನಂಗೆ ಬೇಕಾದ್ದು ಸಿಕ್ಕಿದೆ" ಎಂದು ಎದ್ದು ಬಂದರು. ಅಂಗಳ ಖಾಲಿಯಾಯಿತು. ಗೆಜ್ಜೆಯೂ ವಾಪಸು ಬಂತು, ಆದರೆ ಕೈಯಲ್ಲಿ ಹಿಡಿದು ಆಡಿಸಿದರೆ ಅದು ಬರೀ ಹಿತ್ತಾಳೆ.

"ನೀನೇ ಒಂದ್ಸಲ ಮಾಡೋ" ಎಂದರು ಒಂದು ಸಂಜೆ ನನಗೆ, ತಾವೇ ಹಾಕಿದ ಅಪ್ಪಣೆ ಮುರಿದು. ನಾನು ನಾಲಗೆ ಮಡಚಿ, ತಡೆದು, ಕುಂಟಿಸಿ ಮಾಡಿದೆ. ಒಂದಿಷ್ಟೂ ತಪ್ಪಿರಲಿಲ್ಲ. ಅಜ್ಜಿ ತಲೆಯಾಡಿಸಿದರು. "ತೀರಾ ಚೆನ್ನಾಗಿದೆ. ಅದಕ್ಕೇ ಅದಲ್ಲ."

ಆಗಲೇ ಮೇಷ್ಟ್ರು ಕೆಲಸ ಮುಗಿಸಿ ನಡೆದು ಬಂದರು. ಗಲ್ಲಿಯ ಬಾಯಿಯ ಜಾಲರಿಯ ಮೇಲೆ ಕಾಲಿಟ್ಟವರು ಅಲ್ಲೇ ನಿಂತರು. ಆಮೇಲೆ ಅಜ್ಜಿಯ ಹೊಸಿಲ ತನಕ ಬಂದರು. ಕಣ್ಣಿನ ಸುತ್ತ ಕಪ್ಪು.

"ಅಜ್ಜೀ, ಗೆಜ್ಜೆ ತೆಗೆದ್ರಲ್ಲ? ಗಾಡಿ ಶೆಡ್ಡಲ್ಲಿದೆ. ನಾನು ನಡ್ಕೊಂಡು ಬರ್ತೀನಿ. ಆದ್ರೂ ಅಲ್ಲಿ ಕಾಲಿಟ್ರೆ ಕೇಳ್ತಿದೆ."

"ನಂಗೆ ಕೇಳ್ತಿಲ್ಲ" ಎಂದರು ಅಜ್ಜಿ. ಸಮಾಧಾನಕ್ಕೆ ಹೇಳಿದ್ದಲ್ಲ. ಹಸಿದವರು ಊಟ ಮಾಡುವವರ ತಟ್ಟೆ ನೋಡುವ ಹಾಗೆ ಅವರ ಮುಖ ನೋಡಿದರು. "ಹೇಗೆ ಕೇಳ್ತಿದೆ? ಮಾಡಿ ತೋರ್ಸು."

"ನಂಗೆ ಅಹುಯಿ ಹಾಗೆ ಬರಲ್ಲ ಅಜ್ಜಿ."

"ಬಂದಷ್ಟು ಮಾಡು."

ಮೇಷ್ಟ್ರು ತುಟಿ ಒದ್ದೆ ಮಾಡಿಕೊಂಡರು. "ಘಲ್... ಘಲ್" ಎಂದರು, ಒಡಕು ದನಿಯಲ್ಲಿ. ಸ್ವಲ್ಪ ತಡೆದರು. ತಡೆದಲ್ಲಿ ಅವರಿಗೆ ಏನು ಕಾಣಿಸಿತೋ, ತಿರುಗಿ ಜಾಲರಿಯ ಕಡೆ ನೋಡಿದರು. "...ಘಲ್."

ಅಜ್ಜಿ ಒಳಗೆ ಹೋಗಿ ಹಂಜಿಯ ಬಟ್ಟಲಿಗೆ ಗಂಜಿ ಹಾಕಿ ತಂದು ಹೊಸಿಲಲ್ಲಿಟ್ಟರು.

"ನಾಳೆನೂ ಬಾ" ಎಂದರು. "ಇದೇ ಹೊತ್ತಿಗೆ."