ಮೇಲಿನ ಸುಂಬರೆಜೊಗೆ ಬಂದವರು

ತಾಲೂಕು ಕಚೇರಿಯ ಅಂಗಳದಲ್ಲಿ ಭಾಷಣಗಳು ಮುಗಿಯುವ ಹೊತ್ತಿಗೆ ನಮ್ಮ ಹಸಿರು ಕೋಟುಗಳು ಬೆವರಿಗೆ ಬೆನ್ನಿಗಂಟಿದ್ದವು. ಡಿಗ್ರಿ ಮುಗಿಯುವ ಮುಂಚೆ ಹಳ್ಳಿಯೊಂದರಲ್ಲಿ ಕೆಲವು ವಾರ ಇದ್ದು ಸೇವೆ ಮಾಡಿ ಬರಬೇಕೆಂಬುದು ನಮ್ಮ ವಿಶ್ವವಿದ್ಯಾಲಯದ ನಿಯಮ. ನಮ್ಮ ಆರು ಜನರ ತಂಡಕ್ಕೆ ಸುಂಬರೆಜೊ ಎಂಬ ಊರು ಸಿಕ್ಕಿತ್ತು. ಉಳಿದ ತಂಡಗಳನ್ನು ಅವರವರ ಊರಿನ ಗಾಡಿಗಳು ಕರೆದುಕೊಂಡು ಹೋಗುತ್ತಿದ್ದವು. ಅಷ್ಟರಲ್ಲಿ ಎಲೆಕೋಸಿನ ಸಿಪ್ಪೆ ಚೆಲ್ಲಾಡಿದ್ದ ಪಿಕಪ್ ಒಂದು ಗೇಟಿನ ಹತ್ತಿರ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಸುಂಬರೆಜೊ! ಸುಂಬರೆಜೊ!" ಎಂದು ಕೂಗಿದ. ನಾವು ಹತ್ತಿದೆವು.

ನಮ್ಮ ನಾಯಕ ಹೆರ್ದಿಯನ್. ಮುಂಚಿತವಾಗಿ ಊರಿಗೆ ಹೋಗಿ ಎಲ್ಲ ನೋಡಿಕೊಂಡು ಬರುವುದು ಅವನ ಕೆಲಸವಾಗಿತ್ತು. ಅವನು ಅದನ್ನು ಫೋನಿನಲ್ಲೇ ಮುಗಿಸಿದ್ದ. "ಊರ ತುಂಬ ಲೆಲೆ ಮೀನಿನ ಹೊಂಡಗಳಂತೆ, ನಸ್ತಿತಿ. ಮೀನಿನ ಹಪ್ಪಳ ಮಾಡೋದು ಕಲಿಸೋಣ. ನೀನೇ ಮೀನುಗಾರಿಕೆ ಓದ್ತಿರೋಳು, ನೀನೇ ಮುಂದೆ ನಿಲ್ಲು" ಎಂದಿದ್ದ. ಹಾಗಾಗಿ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಹಪ್ಪಳದ ಪಾಠ ಒಪ್ಪಿಸುತ್ತಿದ್ದೆ. ಪಿಕಪ್ ಬೆಟ್ಟ ಹತ್ತುತ್ತಲೇ ಇತ್ತು. ಮೀನಿನ ಹೊಂಡಗಳಿರುವ ಊರು ಇಷ್ಟು ಎತ್ತರದಲ್ಲಿ ಹೇಗಿರುತ್ತದೆ ಎಂದು ಒಮ್ಮೆ ಅನ್ನಿಸಿದ್ದು ನಿಜ.

ಊರ ಬಾಗಿಲಲ್ಲಿ ಹೆಂಗಸರು, ಮಕ್ಕಳು, ಮುದುಕರು ಸಾಲಾಗಿ ನಿಂತಿದ್ದರು. ಊರ ಮುಖ್ಯಸ್ಥ ಪಾಕ್ ಸುಮರ್ವೊತೊ ಬಾತಿಕ್ ಅಂಗಿಯ ಗುಂಡಿಯನ್ನು ಇನ್ನೂ ಹಾಕಿಕೊಳ್ಳುತ್ತಲೇ ಓಡಿ ಬಂದರು. ಒಬ್ಬೊಬ್ಬರ ಕೈಯನ್ನೂ ತಮ್ಮೆರಡು ಕೈಯಲ್ಲಿ ಹಿಡಿದು, "ಬಂದ್ರಲ್ಲಾ! ಕೊನೆಗೂ ಬಂದ್ರಲ್ಲಾ!" ಎಂದರು. ಅವರ ಕಣ್ಣುಗಳು ತೇವವಾಗಿದ್ದವು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಲೇಜು ಹುಡುಗರು ಬಂದರೆ ಇಷ್ಟು ಸಂಭ್ರಮವೇ?

ಅವರ ಹೆಂಡತಿ ಬು ಮರ್ಸಿಯಾ ಬಿಸಿ ಟೀ, ಬೇಯಿಸಿದ ಮರಗೆಣಸು ತಂದಿಟ್ಟರು. ನಮ್ಮ ಕಡೆ ಹಿರಿಯ ಗಂಡಸರನ್ನು ಪಾಕ್ ಎಂದೂ ಹೆಂಗಸರನ್ನು ಬು ಎಂದೂ ಕರೆಯುವುದು ವಾಡಿಕೆ. ನಾನು ಕೇಳಿದೆ, "ಪಾಕ್, ಹೊಂಡಗಳು ಯಾವ ಕಡೆ ಇವೆ?"

ಅವರ ಕೈಯ ಲೋಟ ಅರ್ಧ ದಾರಿಯಲ್ಲಿ ನಿಂತಿತು. "ಹೊಂಡಗಳಾ? ಇವೆ ಮಗಳೇ, ಇವೆ. ಮೊದ್ಲು ಟೀ ಕುಡಿ, ಆರಿಹೋಗುತ್ತೆ."

ಮಾರನೆಯ ದಿನ ಬು ಮರ್ಸಿಯಾರನ್ನು ಕೇಳಿದರೆ, "ಅಯ್ಯೋ, ಒಣಗಿಹೋದವಲ್ಲ" ಎಂದರು. ಡ್ರೈವರ್ ಪಾರ್ಜೊನನ್ನು ಕೇಳಿದೆ. "ಹೊಂಡಾನಾ? ನಮ್ಮೂರಲ್ಲಿ ನೀರು ನಿಲ್ಲೋದು ಅಂದ್ರೆ ನನ್ನ ಗಾಡಿ ಟೈರ್ ಬಿದ್ದ ಗುಂಡಿಯಲ್ಲಿ ಮಾತ್ರ!" ಎಂದು ನಕ್ಕ. ಹಿಂದೆ ನಿಂತಿದ್ದ ಪಾಕ್ ಸುಮರ್ವೊತೊ ಕೆಮ್ಮಿದರು. ಪಾರ್ಜೊ ತಟ್ಟನೆ, "ಅಂದ್ರೆ... ಈಗ ಹಾಗೆ. ಮೊದ್ಲು ಇದ್ವು" ಎಂದ.

ನನಗೆ ಊರಿನವರ ಮೇಲೆ ಅನುಮಾನ ಬರಲಿಲ್ಲ, ನನ್ನ ಮೇಲೇ ಬಂತು. ಏನೋ ಎಲ್ಲರಿಗೂ ಗೊತ್ತಿರುವ ಸಂಗತಿ ನನಗೊಬ್ಬಳಿಗೇ ತಿಳಿಯುತ್ತಿಲ್ಲ ಎನಿಸಿತು.

ಹಪ್ಪಳದ ತರಬೇತಿಗೆ ಹೆಂಗಸರೆಲ್ಲ ಹಬ್ಬದ ಬಟ್ಟೆ ಉಟ್ಟು ಬಂದರು. ಮೀನಿರಲಿಲ್ಲ. ಯಾರೋ ಮರಗೆಣಸು ತಂದರು. ನಾನು ಮರಗೆಣಸನ್ನೇ ಮೀನೆಂದುಕೊಂಡು ಪಾಠ ಮಾಡಿದೆ. ಎಲ್ಲರೂ ತಲೆಯಾಡಿಸಿದರು, ಯಾರೂ ಪ್ರಶ್ನೆ ಕೇಳಲಿಲ್ಲ. ಆಮೇಲೆ ಸಂಜೆ ಸಂಜೆ ಪಾಕ್ ಸುಮರ್ವೊತೊ ನಮ್ಮನ್ನು ಮನೆಮನೆಗೆ ಟೀ ಕುಡಿಯಲು ಕರೆದೊಯ್ಯತೊಡಗಿದರು. ಸೇತುವೆ ಪಕ್ಕದ ಮನೆಯೊಂದು ಮಾತ್ರ ದಿನವೂ ನಾಳೆಗೆ ಉಳಿಯುತ್ತಿತ್ತು. ಹೋದಲ್ಲೆಲ್ಲ ಚಾಪೆ ಹಾಸಿರುತ್ತಿತ್ತು. ಮನೆಯವರು ನಮ್ಮನ್ನು ನೋಡುತ್ತ ಕೂರುತ್ತಿದ್ದರು. "ಇಲ್ಲಿ ನಮ್ಮ ಕೆಲಸ ಏನು ಪಾಕ್?" ಎಂದು ಗೆಳತಿ ಲಾರಸ್ ಕೇಳಿಯೇ ಬಿಟ್ಟಳು. "ಇದೇ ಕಣಮ್ಮಾ" ಎಂದರು ಅವರು.

ಇದಾವುದೂ ಸೇವೆಯ ವರದಿಗೆ ಬರುವಂಥದ್ದಲ್ಲ ಎಂದು ಹೆರ್ದಿಯನ್‌ಗೆ ಚಿಂತೆ. ಊರಲ್ಲಿ ಫೋನ್ ಸಿಗುವುದು ಸ್ಮಶಾನದ ತಿರುವಿನಲ್ಲಿ ಮಾತ್ರ. ಅವನು ದಿನವೂ ಅಲ್ಲಿಗೆ ನಡೆದುಹೋಗಿ, "ಸುಂಬರೆಜೊದಲ್ಲಿ ಎಲ್ಲ ಸುಗಮ" ಎಂದು ನಮ್ಮ ಮೇಲ್ವಿಚಾರಕಿಗೆ ಸಂದೇಶ ಕಳಿಸಿ ಬರುತ್ತಿದ್ದ. ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಕೆಳಗೆ ರಸ್ತೆ ಕವಲೊಡೆಯುವಲ್ಲಿ ಊರಿನ ಹೆಸರಿನ ಬೋರ್ಡ್ ಹಾಕೋಣ. ಕಣ್ಣಿಗೆ ಕಾಣುವ ಕೆಲಸ.

ಪಾಕ್ ಸುಮರ್ವೊತೊ ಬೆಚ್ಚಿಬಿದ್ದರು. "ಬೋರ್ಡ್ ಬೇಡ ತಮ್ಮಾ. ಬೇರೆ ಏನಾದ್ರೂ ಮಾಡಿ."

"ಯಾಕೆ ಪಾಕ್? ನಿಮ್ಮೂರಿನ ಹೆಸರು ಎಲ್ರಿಗೂ ಕಾಣುತ್ತೆ."

"ಅದಕ್ಕೇ ಬೇಡ ಅಂದಿದ್ದು" ಎಂದರು. ಅತ್ತಿತ್ತ ಓಡಾಡಿದರು. ಮತ್ತೆ ಬಂದು, "ಅಕ್ಷರ ಎಷ್ಟು ದೊಡ್ಡದು ಬರುತ್ತೆ?" ಎಂದು ಕೇಳಿದರು.

ಹೆರ್ದಿಯನ್ ಕೈ ಅಗಲಿಸಿ ತೋರಿಸಿದ. ಅವರು ತಮ್ಮ ಕೈಗಳನ್ನೂ ಅಷ್ಟೇ ಅಗಲಿಸಿ ನೋಡಿಕೊಂಡರು. "ಸರಿ, ಹಾಕಿ" ಎಂದರು, ಯಾವುದೋ ಅಪಾಯಕ್ಕೆ ಒಪ್ಪಿಗೆ ಕೊಟ್ಟವರ ಹಾಗೆ. ಬೋರ್ಡ್ ನಿಲ್ಲಿಸಿದ ದಿನ ಇಡೀ ಊರು ಕೆಳಗಿಳಿದು ಬಂದು ಅದರ ಮುಂದೆ ಫೋಟೊ ತೆಗೆಸಿಕೊಂಡಿತು. ಕೆಳಗೆ ಮೂಲೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ಲಾಂಛನವಿತ್ತು.

ಕೆಲವೇ ದಿನಗಳಲ್ಲಿ ನಮ್ಮ ಮೇಲ್ವಿಚಾರಕಿ, ಉಪನ್ಯಾಸಕಿ ಬು ರೆತ್ನೊ ಮೈಯೆಲ್ಲ ಕೆಸರಾಗಿ ಮೋಟರ್‌ಬೈಕಿನಲ್ಲಿ ಬಂದಿಳಿದರು. ಹೆಲ್ಮೆಟ್ ತೆಗೆಯುವ ಮುಂಚೆಯೇ ಕಿರುಚಿದರು, "ನೀವಿಲ್ಲಿ ಏನ್ಮಾಡ್ತಿದ್ದೀರಿ?"

"ಸೇವೆ, ಬು" ಎಂದ ಹೆರ್ದಿಯನ್.

"ಯಾವ ಊರಲ್ಲಿ?"

"ಸುಂಬರೆಜೊದಲ್ಲಿ."

"ಇದು ಮೇಲಿನ ಸುಂಬರೆಜೊ ಕಣೋ! ನಿಮ್ಮನ್ನ ಕಳಿಸಿದ್ದು ಕೆಳಗಿನದಕ್ಕೆ! ಆ ಊರಿನವರು ನಿಮಗೋಸ್ಕರ ಹಾಸಿಗೆ ಬಿಸಿಲಿಗೆ ಹಾಕಿ ಹಾಕಿ ಸಾಕಾಗಿದ್ದಾರೆ. ಹುಡುಗರು ಬಂದೇ ಇಲ್ಲ ಅಂತ ಅವರು, ಎಲ್ಲ ಸುಗಮ ಅಂತ ನೀನು! ನಾನು ಯಾರನ್ನ ನಂಬಲಿ? ಅವರ ಊರಲ್ಲಿ ಹುಡುಕಿ ವಾಪಸ್ ಹೋಗ್ತಾ ನಮ್ಮ ಲಾಂಛನ ಇರೋ ಆ ಬೋರ್ಡ್ ಕಂಡಿರದಿದ್ರೆ ನೀವು ಸತ್ತಿದ್ದೀರಿ ಅಂತ ಬರೆದುಕೊಡ್ತಿದ್ದೆ."

ಎಲ್ಲರ ಕಣ್ಣುಗಳೂ ಪಾರ್ಜೊನ ಕಡೆ ತಿರುಗಿದವು. ಅವನು ಎಲೆಕೋಸು ಮಾರಿ ವಾಪಸ್ ಹೊರಟಿದ್ದನಂತೆ. ದಿನಾ ಮಾಡುವಂತೆ ಊರಿನ ಹೆಸರು ಕೂಗಿ ಜನರನ್ನು ಕರೆದನಂತೆ. "ಕೋಟು ಹಾಕ್ಕೊಂಡು ಹತ್ತಿದ್ರು. ಊರ ಮುಖ್ಯಸ್ಥರು ಕರೆಸಿರ್ಬೇಕು ಅಂದ್ಕೊಂಡು, ದಾರೀಲಿ ಸಿಕ್ಕ ಬೈಕಿನ ಹುಡುಗನ ಕೈಲಿ ಮುಂಚೆನೇ ಹೇಳಿ ಕಳಿಸ್ದೆ" ಎಂದ.

"ಸರ್ಕಾರ ಕಳಿಸಿರ್ಬೇಕು ಅಂದ್ಕೊಂಡೆ ನಾನು" ಎಂದರು ಪಾಕ್ ಸುಮರ್ವೊತೊ. "ಎಷ್ಟು ವರ್ಷದಿಂದ ಕೇಳ್ತಿದ್ದೀನಿ. ಈ ಹುಡುಗಿ ಹೊಂಡ ಎಲ್ಲಿ ಅಂದಾಗ ನಿಜ ಗೊತ್ತಾಯ್ತು. ಮನೆಗೆ ಬಂದು ಕೂತವರನ್ನ ನೀವು ನಮ್ಮೋರಲ್ಲ, ಏಳಿ ಅನ್ನೋಕಾಗುತ್ತಾ, ಬು?"

"ಆಮೇಲಾದ್ರೂ ಹೇಳಬಹುದಿತ್ತಲ್ಲ, ಪಾಕ್!"

"ದಿನಾ ನಾಳೆ ಹೇಳೋಣ ಅಂದ್ಕೊಳ್ತಿದ್ದೆ. ಕೆಳಗಿನವರಿಗೆ ಪ್ರತಿ ವರ್ಷ ಬರ್ತಾರೆ. ನಮ್ಮ ರಸ್ತೆ ಸರಿ ಇಲ್ವಂತೆ. ಹುಡುಗರು ಬಂದ್ರೆ ಏನಾಗುತ್ತೆ ಅಂತ ಒಂದ್ಸಲ ನೋಡ್ಬೇಕಿತ್ತು."

ಬು ರೆತ್ನೊ ಹೆಲ್ಮೆಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ದನಿ ಇಳಿದಿತ್ತು. "ಏನಾಯ್ತು?"

ಪಾಕ್ ಸುಮರ್ವೊತೊ ಪ್ರಾಮಾಣಿಕವಾಗಿ ಯೋಚಿಸಿದರು. "ಗೊತ್ತಾಗ್ಲಿಲ್ಲ. ಆದ್ರೆ ಚೆನ್ನಾಗಿತ್ತು."

ಆ ಮಧ್ಯಾಹ್ನವೇ ನಾವು ಕೆಳಗಿಳಿದೆವು. ಬು ಮರ್ಸಿಯಾ ಮರಗೆಣಸಿನ ಹಪ್ಪಳ ಕಟ್ಟಿಕೊಟ್ಟರು, ಮುಖ ಎತ್ತಿ ನೋಡಲಿಲ್ಲ. ಕೆಳಗಿನ ಸುಂಬರೆಜೊದಲ್ಲಿ ಹೊಂಡಗಳು ನಿಜಕ್ಕೂ ತುಂಬಿದ್ದವು, ಲೆಲೆ ಮೀನುಗಳು ಮೀಸೆ ಆಡಿಸುತ್ತಿದ್ದವು. ನನಗೆ ಗೊತ್ತಿರುವುದೆಲ್ಲ ಅಲ್ಲಿತ್ತು. ಹಪ್ಪಳದ ಪಾಠ ಶುರು ಮಾಡಿದೆ. ಮುಂದೆ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ಕೈ ಎತ್ತಿದಳು.

"ಹೋದ ವರ್ಷದ ಮಕ್ಕಳೂ ಇದನ್ನೇ ಕಲಿಸಿದ್ರು. ಅದರ ಹಿಂದಿನವರೂ ಇದೇ. ನೀವೂ ಇದೇನಾ?"

"ಹೂಂ" ಎಂದೆ, ತಲೆ ತಗ್ಗಿಸಿ.

"ಬೇಜಾರಾಗಬೇಡ ಮಗಳೇ, ಕಲಿಸು. ನಾವು ಗೊತ್ತಿಲ್ಲದವರ ಹಾಗೆ ಕೂತ್ಕೋತೀವಿ."

ಅವರು ಹಾಗೆಯೇ ಕೂತರು. ಮೇಲಿನ ಊರಲ್ಲಿ ಬೇಕೆಂದವರಿಗೆ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ನನ್ನ ಬಳಿ ಇದ್ದದ್ದು ಇವರಿಗೆ ಬೇಕಿರಲಿಲ್ಲ. ಇದರಲ್ಲಿ ಸೇವೆ ಯಾವುದು ಎಂದು ಯಾರನ್ನು ಕೇಳುವುದು? ಬು ರೆತ್ನೊರನ್ನೇ ಕೇಳಿದೆ, ಫೋನಿನಲ್ಲಿ. ವರದಿ ಯಾವಾಗ ಕೊಡ್ತೀರಿ ಎಂದು ಅವರು ತಿರುಗಿ ಕೇಳಿದರು. ಲಾರಸ್ ಮತ್ತು ನಾನು ಮೇಲೆ ಹೋಗುತ್ತೇವೆ ಎಂದಾಗ, "ವರದಿಯಲ್ಲಿ ಸುಂಬರೆಜೊ ಅಂತಲೇ ಇರಲಿ. ಮೇಲೆ-ಕೆಳಗೆ ಅಂತ ನನ್ನ ಕಿವಿಗೆ ಬೀಳಬಾರದು" ಎಂದು ಫೋನ್ ಇಟ್ಟರು.

ಪಾರ್ಜೊನ ಪಿಕಪ್ಪಿನಿಂದ ನಾವಿಬ್ಬರೂ ಇಳಿದಾಗ ಪಾಕ್ ಸುಮರ್ವೊತೊ ಬನಿಯನ್ನಿನಲ್ಲಿ ಕೋಳಿಗೂಡು ತೊಳೆಯುತ್ತಿದ್ದರು. ಕೈಯಲ್ಲಿ ಪೊರಕೆ ಹಿಡಿದೇ ಎದ್ದು ನಿಂತರು.

"ಈ ಸಲ ಯಾರು ಕಳಿಸಿದ್ರು?"

"ಯಾರೂ ಇಲ್ಲ ಪಾಕ್. ನಾವೇ ಬಂದ್ವಿ."

ಅವರಿಗೆ ಇದು ಅರ್ಥವಾಗಲಿಲ್ಲ. "ಯಾಕೆ?" ಎಂದರು.

ಲಾರಸ್ ನನ್ನ ಮುಖ ನೋಡಿದಳು. "ಆ ಸೇತುವೆ ಪಕ್ಕದ ಮನೆಗೆ ಇನ್ನೂ ಹೋಗಿರ್ಲಿಲ್ವಲ್ಲ" ಎಂದಳು ಲಾರಸ್.

"ಹೌದು, ಹೌದಲ್ಲ! ಅವರು ಕೇಳ್ತಾನೇ ಇದ್ರು" ಎಂದು ಅವರು ಪೊರಕೆ ಎಸೆದು ಅಂಗಿ ಹಾಕಿಕೊಳ್ಳಲು ಒಳಗೆ ಓಡಿದರು.

ಆ ಮನೆಯಲ್ಲಿ ಹಲ್ಲಿಲ್ಲದ ಅಜ್ಜ ಒಬ್ಬರೇ ನಮಗಾಗಿ ಚಾಪೆ ಹಾಸಿದರು. ಏನು ಓದುತ್ತೀ ಎಂದು ಕೇಳಿದರು. ಮೀನಿನ ಬಗ್ಗೆ ಎಂದೆ.

"ಮೀನಿನ ಬಗ್ಗೆ ಓದೋದು ಏನಿರುತ್ತೆ ಮಗಳೇ?"

ನಾನು ಹೇಳತೊಡಗಿದೆ. ಮೀನು ಕಿವಿರಿನಿಂದ ಹೇಗೆ ಉಸಿರಾಡುತ್ತದೆ, ಮೊಟ್ಟೆ ಎಲ್ಲಿಡುತ್ತದೆ, ಕೆಲವು ಜಾತಿಯಲ್ಲಿ ಗಂಡು ಮೀನೇ ಮರಿಗಳನ್ನು ಕಾಯುತ್ತದೆ ಎಂದೆಲ್ಲ. ಅಜ್ಜ ನಡುನಡುವೆ ತಡೆದು ಪ್ರಶ್ನೆ ಕೇಳಿದರು, ಪಾಕ್ ಸುಮರ್ವೊತೊ ಕೂಡ ಕೇಳಿದರು. ಅಲ್ಲಿ ಯಾರಿಗೂ ಅದರಿಂದ ಉಪಯೋಗವಿರಲಿಲ್ಲ. ಟೀ ಆರಿಹೋಯಿತು, ಅಜ್ಜ ಮತ್ತೆ ಬಿಸಿ ಮಾಡಲು ಎದ್ದರು.