ಗಟ್ಟಿಯಾಗದ ಪುಡಿಂಗು

ಮುಚ್ಚಳದ ಅಂಚಿನಿಂದ ಉಗಿ ಏಳುತ್ತಿದೆ, ಸೇಬಿನ ಉಗಿ, ಸಕ್ಕರೆ ಕಂದಿದ ವಾಸನೆ, ಮುಚ್ಚಳದ ಮೇಲಿನ ಕೆಂಡಕ್ಕೆ ಬೂದಿ ಕಟ್ಟುತ್ತಿದೆ, ಊದಬೇಕು, ಊದುವುದಿಲ್ಲ, ಯಾತಕ್ಕೆ ಊದಲಿ, ಇದು ಗಟ್ಟಿಯಾಗುವುದಿಲ್ಲ ಎಂದು ಈಗ ಗೊತ್ತಾಯಿತಲ್ಲ — ತತ್ತಿ ಹಾಕ್ಲಾರ್ದೆ ಹ್ಯಾಂಗ ಗಟ್ಟಿ ಆಗ್ತದ ಯಕ್ಕಾ ಎಂದು ಮಾಣಿಕಮ್ಮ ನಕ್ಕಳಲ್ಲ, ರೈಲ್ವೆ ಸಾಹೇಬರ ಬಂಗಲೆಯಲ್ಲಿ ಪಾತ್ರೆ ತೊಳೆಯುವ ಮಾಣಿಕಮ್ಮ, ಒಲೆಗೆ ಕೆಂಡ ಕೇಳಲು ಬಂದವಳು, ಮುಚ್ಚಳ ಎತ್ತಿ ನೋಡಿ, ಅಯ್ಯ, ಇದು ಪುಡಿಂಗಲ್ಲ, ಸೇಬಿನ ಸಾರು, ಗಂಡ ಹೆಂಡ್ತಿ ರೊಟ್ಟಿ ಮುರದು ಹಾಕ್ಕೊಂಡು ಉಣ್ರಿ, ಮೇಮ್‌ಸಾಬ್ ಒಂದೊಂದಕ್ಕ ನಾಕ್ ನಾಕ್ ತತ್ತಿ ಒಡೀತಾಳ, ಸಿಪ್ಪಿ ಬಳದು ಚೆಲ್ಲಾಕಿ ನಾನೇ ಅಲ್ಲೇನು, ನಿಮ್ಮ ಮನಿಯವ್ರು ಕಲ್ಯಾಣಪ್ಪನೋರಿಗಿ ಎಲ್ಲಾ ಗೊತ್ತದ, ಅಡಗಿಮನಿ ಬಾಗಲದಾಗ ನಿಂತು ಬಟ್ಟಲಾ ತುಂಬಿಸ್ಕೊಂಡು ಬರ್ತಾರ. ನಾಲ್ಕು ಬೆರಳು ಎತ್ತಿ ತೋರಿಸಿದಳು, ನಾಲ್ಕು ಕೋಳಿಮೊಟ್ಟೆ. ನಾನು ಏನೆಂದೆ, ಹೌದು ನನಗ ಗೊತ್ತದ ಎಂದೆ, ಸುಳ್ಳು ಎಷ್ಟು ಬೇಗ ಬಾಯಿಗೆ ಬಂತು, ಕೆಂಡ ಕೊಟ್ಟು ಕಳಿಸಿದೆ, ಬಾಗಿಲು ಮುಂದೆ ಮಾಡಿದೆ, ಆಮೇಲೆ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು, ಬೆಳ್ಳಿಯ ಕರಡಿಗೆ, ಒಳಗೆ ನನ್ನ ಲಿಂಗ, ಮುಟ್ಟಲೋ ಬೇಡವೋ, ಮುಟ್ಟಲಿಲ್ಲ, ಕೈ ತಂದು ಉಡಿಯಲ್ಲಿ ಇಟ್ಟುಕೊಂಡೆ. ನಾವು ಬಾಯಿಗೆ ಹಾಕುವುದನ್ನು ಮೊದಲು ಅದಕ್ಕೇ ತೋರಿಸುತ್ತೇವೆ, ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ತುತ್ತು, ಒಂದು ಗಳಿಗೆ ಕಣ್ಣು ಮುಚ್ಚುವುದು, ಆಮೇಲೆ ತಿನ್ನುವುದು, ನಾನು ತಿಂದದ್ದೆಲ್ಲ ಅದಕ್ಕೆ ತಿನ್ನಿಸಿದ್ದೇ — ಮೂರು ಚಳಿಗಾಲ, ಎಷ್ಟು ಬಟ್ಟಲು, ಎಷ್ಟು ತುತ್ತು, ಕಣ್ಣು ಮುಚ್ಚುವ ಮೊದಲು ಪ್ರತಿಸಲ ಕಾಣುತ್ತಿದ್ದುದು ಬಟ್ಟಲು ತಂದುಕೊಟ್ಟ ನಮ್ಮನೆಯವರ ಕಿವಿ, ಕೆನ್ನೆಯ ಒಂದು ಭಾಗ, ಅವರ ಮುಖ ಕಿಟಕಿಯ ಕಡೆ, ಒಮ್ಮೆ ಯಾವ ಗಾಡಿರಿ ಎಂದು ಕೇಳಿದರೆ ಮದ್ರಾಸ್ ಮೇಲ್ ಎಂದರು, ಗಾಡಿಯ ಸದ್ದಿರಲಿಲ್ಲ, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬಂದರೆ ನೆಲದ ಶಹಾಬಾದ್ ಕಲ್ಲೆಲ್ಲ ಅದುರುತ್ತದೆ, ಅಂದು ಅದುರಲಿಲ್ಲ, ನನಗೆ ಹೊಳೆಯಲೇ ಇಲ್ಲ.

ಮೊದಲ ಚಳಿಗಾಲವನ್ನು ಬಿಡುತ್ತೇನೆ, ಅದನ್ನು ಕ್ಷಮಿಸುತ್ತೇನೆ, ರಾವೂರಿನಲ್ಲಿ ಅಪ್ಪನ ಹೊಲದ ಬದುವಿನಲ್ಲಿ ಕೂಸನ್ನು ಮಣ್ಣು ಮಾಡಿ ಬಂದಿದ್ದರು, ಒಂಬತ್ತು ದಿನದ ಕೂಸು, ಹೆಸರಿಲ್ಲ, ನನ್ನ ರಕ್ತ ನಿಲ್ಲುತ್ತಿರಲಿಲ್ಲ, ರೈಲ್ವೆ ಡಾಕ್ಟರು ಬಾಗಿಲಲ್ಲೇ ನಿಂತು ತತ್ತಿ ತಿನ್ಸ್ರಿ, ಇಲ್ಲಂದ್ರ ಈಕಿ ಉಳಿಯೂದಿಲ್ಲ ಎಂದರು, ನಾನು ಗೋಡೆಗೆ ತಿರುಗಿ, ಲಿಂಗ ಕಟ್ಟಿದ ಕೊರಳು ಇದು, ಸತ್ರ ಸಾಯ್ಲಿ ಎಂದೆ, ನಮ್ಮನೆಯವರು ಎರಡನ್ನೂ ಕೇಳಿಸಿಕೊಂಡರು, ನಾಲ್ಕನೆಯ ದಿನ ನೀಲಿ ಅಂಚಿನ ಬಟ್ಟಲು ಬಂತು, ಶಿವಕಾಂತಾ ಏಳು, ಹಾಲು, ಡಬಲ್ ರೋಟಿ, ಸಕ್ರಿ, ಮುಂಬಯಿ ಪಾರ್ಸಲ್ಲಿನ ಸೇಬು, ಮತ್ತೇನಿಲ್ಲ, ನಿನ್ನಾಣಿ. ನಿನ್ನಾಣೆ ಎಂದರು. ನನ್ನ ಆಣೆ, ಅವರ ಲಿಂಗದ ಆಣೆಯಲ್ಲ. ಬೆಚ್ಚಗೆ ನಾಲಿಗೆಯ ಮೇಲೆ ಕರಗಿತು, ಸೇಬು ಹುಳಿ, ಹಾಲು ಸಿಹಿ, ಕೂಸು ಹೋದ ಮೇಲೆ ಗಂಟಲಲ್ಲಿ ಇಳಿದ ಮೊದಲ ತುತ್ತು, ನಾನು ಅತ್ತೆ, ಅವರೂ ಅತ್ತರು, ನೀವೂ ತಿನ್ರಿ ಎಂದರೆ ನಂದು ಬಂಗ್ಲೇದಾಗೇ ಆಗ್ಯದ, ನೀ ತಿನ್ನು — ಮನೆಯಲ್ಲಿ ರೊಟ್ಟಿಗೆ, ಪುಂಡಿಪಲ್ಯಕ್ಕೆ, ಒಂದು ಬಾಳೆಹಣ್ಣಿಗೂ ಅಂಗಿಯ ಗುಂಡಿ ಬಿಚ್ಚಿ ಲಿಂಗಕ್ಕೆ ತೋರಿಸುವವರು ಈ ಪುಡಿಂಗನ್ನು ಒಮ್ಮೆಯೂ ತೋರಿಸಲಿಲ್ಲ, ತಮ್ಮದನ್ನು ಕಾಪಾಡಿಕೊಂಡರು, ನನ್ನದಕ್ಕೆ ತಿನ್ನಿಸಿದರು, ಮುಖ ಕಿಟಕಿಯ ಕಡೆ. ಆಯಿತು, ನಾನು ಬದುಕಲಿ ಎಂದು ಮಾಡಿದರು, ಸರಿ, ಆದರೆ ಎರಡನೆಯ ವರ್ಷ ನಾನು ಗುಂಡುಗುಂಡಗೆ ಇದ್ದೆನಲ್ಲ, ನಾನೇ ಮಾಡ್ತೀನಿ ಎಂದೆನಲ್ಲ, ಅವರೇ ಪಾರ್ಸಲ್ಲಿನ ಹುಲ್ಲು ತುಂಬಿದ ಪೆಟ್ಟಿಗೆಯಿಂದ ಸೇಬು ಆರಿಸಿ ತಂದರಲ್ಲ, ಎದುರಿಗೇ ಮಣೆಯ ಮೇಲೆ ಕುಳಿತು ನಾನು ಸಿಪ್ಪೆ ಹೆರೆಯುವುದನ್ನು, ಡಬಲ್ ರೋಟಿಯನ್ನು ಹಾಲಿನಲ್ಲಿ ನೆನೆಸುವುದನ್ನು, ಕೆಳಗೊಂದು ಮೇಲೊಂದು ಕೆಂಡ ಹಾಕುವುದನ್ನು ನೋಡಿದರಲ್ಲ, ನೀರಾಯಿತು, ಮತ್ತೆ ಮಾಡಿದೆ, ಮತ್ತೆ ನೀರಾಯಿತು, ನಕ್ಕರು, ನಿನ್ನ ಕೈಲಿ ಆಗೂದಲ್ಲ ಬಿಡು, ನಿನಗ ಅದರ ಹದ ಬರೂದಿಲ್ಲ, ಪ್ರೀತಿಯಿಂದಲೇ ನಕ್ಕರು, ನಾನು ಒಳಗೆ ಹೋಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತೆ, ನನ್ನಲ್ಲಿ ಯಾವುದೂ ನಿಲ್ಲುವುದಿಲ್ಲ, ಕೂಸು ನಿಲ್ಲಲಿಲ್ಲ, ಹಾಲು ನಿಲ್ಲಲಿಲ್ಲ, ಅಂದಿನಿಂದ ಅದನ್ನೇ ಅಂದುಕೊಂಡು ಮಲಗಿದೆ, ಎದ್ದೆ, ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಈಗ ಮೆಟ್ಟಿಲ ಮೇಲೆ ಅವರ ಬೂಟು. ಬಾಗಿಲು. ಥಂಡಿ ಭಾಳ ಅದ ಇವತ್ತ, ತಗೋ, ಇನ್ನಾ ಬಿಸಿ ಅದ — ನೀಲಿ ಅಂಚಿನ ಬಟ್ಟಲು, ಒಳಗೆ ಹಳದಿ, ನಡುವೆ ಮೆಲ್ಲಗೆ ಅಲುಗುತ್ತಿದೆ, ಬೀಳುವುದಿಲ್ಲ, ಎಷ್ಟು ಚೆಂದ ನಿಂತಿದೆ, ಪಕ್ಕದಲ್ಲಿ ನನ್ನ ಪಾತೇಲಿ ಇಟ್ಟು ಮುಚ್ಚಳ ತೆಗೆಯುತ್ತೇನೆ, ಮತ್ತ ಸಾರು ಮಾಡಿದೇನು ಎಂದು ನಗುತ್ತಾರೆ, ಕುಂದ್ರಿ, ಇವತ್ತ ನೀವು ಅರ್ಪಿಸ್ರಿ, ನಂದು ಬಂಗ್ಲೇದಾಗ ಎನ್ನುತ್ತಾರೆ, ಗೊತ್ತದ, ಒಂದು ತುತ್ತು, ಗುಂಡಿ ಬಿಚ್ರಿ, ಲಿಂಗ ಅಂಗೈಯಾಗ ತಗೊಳ್ರಿ, ಯಾಕ ಏನಾಯ್ತು ಶಿವಕಾಂತಾ, ಏನಿಲ್ಲ, ಮಾಣಿಕಮ್ಮ ಬಂದಿದ್ಳು. ನಗು ಅಲ್ಲೇ ನಿಲ್ಲುತ್ತದೆ. ಕೈ ಎದೆಗೆ ಹೋಗುತ್ತದೆ, ಗುಂಡಿಯ ಮೇಲೆ, ಬಿಚ್ಚಲು ಅಲ್ಲ, ಮುಚ್ಚಿಕೊಳ್ಳಲು, ಅಂಗಿಯ ಮೇಲಿಂದ ಕರಡಿಗೆಯನ್ನು ಬಿಗಿಯಾಗಿ ಹಿಡಿದಿದ್ದಾರೆ, ನಾನು ಚಮಚ ನೀಡಿಯೇ ಇದ್ದೇನೆ, ಅದರ ತುದಿಯಲ್ಲಿ ಹಳದಿ ಅಲುಗುತ್ತಿದೆ, ನೆಲ ಅದುರುತ್ತಿಲ್ಲ, ಯಾವ ಗಾಡಿರಿ ಎನ್ನುತ್ತೇನೆ, ಯಾವ ಗಾಡಿ, ಕಿವಿ, ಕೆನ್ನೆಯ ಒಂದು ಭಾಗ, ಕಿಟಕಿಯ ಕಡೆ, ಮುಖ ಕಿಟಕಿಯ ಕಡೆ